ಸರ್ವಮಂಗಳಮ್ಮನ ಬೆಲ್ಟು

ನಮ್ಮೂರಿನ ಹಲ್ಲಿನ ಡಾಕ್ಟರು ಕೆಲಸ ಮಾಡುವುದು ರಸ್ತೆಯಲ್ಲಿ. ಅವರ ಆಸ್ಪತ್ರೆಯೊಳಗೆ ಒರಗುವ ಕುರ್ಚಿ ಇದೆ, ಫ್ಯಾನಿದೆ, ಗೋಡೆಯ ಮೇಲೆ ನಗುವ ಮಗುವಿನ ಚಿತ್ರವೂ ಇದೆ. ಆದರೆ ಕಾರಿನಲ್ಲಿ ಬಂದ ರೋಗಿಗಳು ಇಳಿಯುವುದೇ ಇಲ್ಲ, ಸೀಟಿನ ಬೆಲ್ಟು ಬಿಡುವುದಿಲ್ಲ. ಹಾಗಾಗಿ ಡಾಕ್ಟರು ಹಣೆಗೆ ಟಾರ್ಚು ಕಟ್ಟಿಕೊಂಡು, ಕಾರಿನ ಕಿಟಕಿಯೊಳಗೆ ಅರ್ಧ ಮೈ ತೂರಿಸಿ ಹಲ್ಲು ಕೀಳುತ್ತಾರೆ. ಪಾಪ, ಅವರ ಸೊಂಟ ಯಾವತ್ತೋ ಹಾಳಾಗಿದೆ. ಹೈಸ್ಕೂಲಿನ ಹೆಡ್‌ಮಾಸ್ಟರು ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿಕೊಂಡು ಶಾಲೆಯನ್ನು ಅಲ್ಲಿಂದಲೇ ನಡೆಸುತ್ತಾರೆ. ಗಲಾಟೆ ಮಾಡಿದವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು, ಕನ್ನಡಿಯಲ್ಲಿ ನೋಡುತ್ತಾ ಬೈಯುತ್ತಾರೆ. ಕಲ್ಯಾಣಮಂಟಪಕ್ಕೆ ಒಂದು ಕಡೆ ಗೋಡೆಯನ್ನೇ ಕಟ್ಟಿಲ್ಲ. ಮನಸ್ಸಿಲ್ಲದೆ ಬಂದ ನೆಂಟರು ಕಾರಿನಲ್ಲೇ ಕೂತು ಅಕ್ಷತೆ ಹಾಕಿ, ತೊಡೆಯ ಮೇಲೆ ಎಲೆ ಹಾಸಿಕೊಂಡು ಉಂಡು, ಹೋಳಿಗೆಗೆ ತುಪ್ಪ ಬರಲಿಲ್ಲ ಎಂದು ಹಾರನ್ ಹೊಡೆಯುತ್ತಾರೆ.

ಇಳಿಯಲು ಮನಸ್ಸಿಲ್ಲದವರನ್ನು ನಮ್ಮೂರಿನ ಬೆಲ್ಟು ಬಿಡುವುದಿಲ್ಲ, ಅಷ್ಟೇ. ಹೊರಗಿನವರು ಬಂದಾಗ ಅದು ಯಾಕೆ ಹಾಗೆ ಎಂದು ಕೇಳುತ್ತಾರೆ. ಅವರೂರಿನಲ್ಲಿ ಮನಸ್ಸಿದ್ದರೂ ಇಲ್ಲದಿದ್ದರೂ ಬಿಡುತ್ತದಂತೆ. ಅದು ಹೇಗೆ ಎಂದು ತಿರುಗಿಸಿ ಕೇಳಿದರೆ ಅವರಿಗೂ ಗೊತ್ತಿರುವುದಿಲ್ಲ. ಸುಮ್ಮನೆ ತಲೆ ತಿನ್ನುತ್ತಾರೆ.

ಬೆಲ್ಟು ಹೀಗಿರುವುದರಿಂದ ಊರಿನಲ್ಲಿ ಕೆಲವು ರೀತಿ ರಿವಾಜು ಬೆಳೆದಿವೆ. ಬೇಡದ ಕಡೆಗೆ ಜನ ನಡೆದು ಹೋಗುತ್ತಾರೆ. ಆದ್ದರಿಂದ ಶುಭಕಾರ್ಯಕ್ಕೆ ಯಾರಾದರೂ ನಡೆದು ಬಂದರೆ ಮನೆಯವರ ಮುಖ ಸಣ್ಣದಾಗುತ್ತದೆ. ಬೆಲ್ಟು ಹಾಕದೆ ಕಾರಿನಲ್ಲಿ ಬಂದರೆ ಇನ್ನೂ ಅವಮಾನ. ನಿಜವಾಗಿ ಬೇಕಾದವರು ಬೆಲ್ಟು ಬಿಗಿದುಕೊಂಡು ಬಂದು ಗೇಟಿನ ಮುಂದೆ ನಿಲ್ಲಬೇಕು, ಮನೆಯವರು ಆರತಿ ಹಿಡಿದು ಬಾಗಿಲಲ್ಲಿ ಕಿವಿಗೊಟ್ಟು ನಿಂತಿರಬೇಕು, ಕಾರಿನೊಳಗಿಂದ ಟಕ್ ಎಂದು ಕೇಳಿಸಬೇಕು. ಆಮೇಲೆಯೇ ಕಾಲಿಗೆ ನೀರು. ಬೆಲ್ಟಿನಡಿ ನುಸುಳಿ ಇಳಿಯಬಹುದಲ್ಲ ಎಂದು ನಿಮಗೆ ಅನ್ನಿಸೀತು. ಮಾವನ ಮನೆಯ ಮುಂದೆ ಒಬ್ಬ ಕೌನ್ಸಿಲರು ಹಾಗೆ ಮಾಡಿದ. ಆಮೇಲೆ ಎರಡು ಎಲೆಕ್ಷನ್ ಗೆದ್ದ, ರಸ್ತೆಗೆ ಟಾರು ಹಾಕಿಸಿದ. ಇವತ್ತಿಗೂ ಊರಿಗೆಲ್ಲ ಅವನು ನುಸುಳು ಅಳಿಯನೇ.

ನಾನು ಕಾರಿನ ಎಲೆಕ್ಟ್ರಿಷಿಯನ್. ಅಪ್ಪ ಅಮ್ಮ ಶಾಂತವೀರ ಎಂದು ಹೆಸರಿಟ್ಟರು. ಶಾಂತಿ ಹೆಸರಿನಲ್ಲೇ ಉಳಿಯಿತು, ನಾಲಿಗೆಗೆ ಇಳಿಯಲಿಲ್ಲ. ಬೆಲ್ಟಿನ ಕೆಲಸ ಹೇಳುವುದಕ್ಕೆ ಸುಲಭ. ಬಟನ್ ಒತ್ತಿದರೆ ಕರೆಂಟು ಫ್ಯೂಸ್ ದಾಟಿ, ಸೀಟಿನಡಿ ವೈರುಗಳನ್ನು ಜೋಡಿಸುವ ಕಪ್ಲರ್ ದಾಟಿ, ಬಕಲಿನೊಳಗಿರುವ ಪುಟ್ಟ ಕಾಯಿಲ್‌ಗೆ ಬರುತ್ತದೆ. ಕಾಯಿಲ್ ಕೊಕ್ಕೆಯನ್ನು ಎಳೆದರೆ ಬೆಲ್ಟು ಬಿಡುತ್ತದೆ. ಕರೆಂಟು ಬಂದಿದ್ದರೆ ಕಾಯಿಲ್ ಗುಂಯ್ ಅನ್ನುತ್ತದೆ, ಕಿವಿ ಹತ್ತಿರ ಇಟ್ಟರೆ ಕೇಳುತ್ತದೆ. ಗುಂಯ್ ಅಂದೂ ಕೊಕ್ಕೆ ಬಿಡದಿದ್ದರೆ ಅದು ಮನಸ್ಸಿನ ತೊಂದರೆ. ಗುಂಯ್ ಅನ್ನದಿದ್ದರೆ ವೈರಿನ ತೊಂದರೆ. ಇದರಲ್ಲಿ ಅನುಮಾನಕ್ಕೆ ಜಾಗವೇ ಇಲ್ಲ.

ಆದರೆ ಯಾವುದೇ ತೊಂದರೆ ಇರಲಿ, ಹೊರಗೆ ನಿಂತವರಿಗೆ ಕೇಳುವ ಹಾಗೆ ನಾವು ಹೇಳುವುದು ಒಂದೇ ಮಾತು, ವೈರಿಂದು ಅಂತ. ನನಗೆ ಕೆಲಸ ಕಲಿಸಿದವರು ಮೊದಲು ಕಲಿಸಿದ್ದೇ ಇದು, ಮೀಟರ್ ಹಿಡಿಯುವುದು ಆಮೇಲೆ. ಅಳಿಯ ಮಾವನ ಮನೆಯ ಮುಂದೆ ಸಿಕ್ಕಿಕೊಂಡಿರುತ್ತಾನೆ, ಕಾಯಿಲ್ ಗುಂಯ್ ಗುಂಯ್ ಅನ್ನುತ್ತಿರುತ್ತದೆ. ನಾನು ಬಾನೆಟ್ ಎತ್ತಿ, ಏನೋ ತಿರುವಿ, ವೈರಿಂದು, ಅಂಗಡಿಗೆ ತರಬೇಕು ಅನ್ನುತ್ತೇನೆ. ಮಾವನವರು ಅಯ್ಯೋ ಪಾಪ ಅನ್ನುತ್ತಾರೆ. ಕಾರು ಬೀದಿಯ ತಿರುವು ದಾಟುವಷ್ಟರಲ್ಲಿ ಬೆಲ್ಟು ತಾನಾಗಿ ಬಿಡುತ್ತದೆ. ಎಲ್ಲರಿಗೂ ಗೊತ್ತು, ಯಾರೂ ಆಡುವುದಿಲ್ಲ, ಎಲ್ಲರ ಮುಖವೂ ಉಳಿಯುತ್ತದೆ. ವೈರು ನಿಜವಾಗಿ ಕೆಡುವುದೂ ಉಂಟು, ಆದರೆ ಅದು ಕೆಡುವುದು ಅವರವರ ಮನೆಯ ಮುಂದೆ. ಬೇರೆಯವರ ಬಾಗಿಲಿಗೆ ಬಂದು ನಿಂತಾಗ ನಿಜಕ್ಕೂ ವೈರೇ ಕೆಟ್ಟಿದ್ದನ್ನು ದಾಕ್ಷಾಯಿಣಮ್ಮನವರ ಮೊಮ್ಮಗಳ ನಾಮಕರಣದವರೆಗೆ ನಾನು ಕಂಡಿರಲಿಲ್ಲ.

ದಾಕ್ಷಾಯಿಣಮ್ಮನಿಗೆ ಒಬ್ಬಳೇ ಅಕ್ಕ, ಸರ್ವಮಂಗಳಮ್ಮ, ಹಿಟ್ಟಿನ ಗಿರಣಿ ನಡೆಸುವಾಕೆ. ಎರಡು ಬೀದಿಯಾಚೆ ಮನೆ. ಆರೇಳು ವರ್ಷದಿಂದ ಅಕ್ಕ ತಂಗಿಗೆ ಮಾತಿಲ್ಲ. ದಾಕ್ಷಾಯಿಣಮ್ಮ ಹೊಸ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡಾಗ ಊರೆಲ್ಲ ಬೆಲ್ಟು ಹಾಕಿಕೊಂಡು ಬಂದು ಟಕ್ ಟಕ್ ಎಂದು ಇಳಿದಿತ್ತು. ಸ್ವಂತ ಅಕ್ಕ ಮಾತ್ರ ನಡೆದು ಬಂದಿದ್ದರು. ಅಷ್ಟೇ ಜಗಳ. ಬಯ್ದದ್ದಿಲ್ಲ, ಆಡಿದ್ದಿಲ್ಲ. ತಂಗಿ ಅವತ್ತಿನಿಂದ ಗಿರಣಿಯನ್ನೇ ಬದಲಾಯಿಸಿದರು. ರಾಗಿ ಬೀಸಿಸಲು ಊರಾಚೆ ಹೋಗುತ್ತಿದ್ದರು.

ಮೊಮ್ಮಗಳು ಹುಟ್ಟಿದ ಮೇಲೆ ದಾಕ್ಷಾಯಿಣಮ್ಮನ ಗಂಡ ಮರಿಬಸಪ್ಪನವರು ನಡುವೆ ಓಡಾಡಿ ಹೇಗೋ ಒಪ್ಪಿಸಿದರು. ತೊಟ್ಟಿಲಿಗೆ ಮಗುವನ್ನು ಹಾಕುವುದು ಅಕ್ಕನೇ ಆಗಬೇಕು ಎಂದು ತಂಗಿ ಹೇಳಿಕಳಿಸಿದರು. ಕಾರಿನಲ್ಲೇ ಬರುತ್ತೇನೆ, ಬೆಲ್ಟು ಹಾಕಿಕೊಂಡೇ ಬರುತ್ತೇನೆ ಎಂದು ಅಕ್ಕ ಹೇಳಿಕಳಿಸಿದರು. ಊರಿಗೇ ಸಂತೋಷವಾಯಿತು. ಆ ದಿನ ಬೆಳಿಗ್ಗೆ ಮರಿಬಸಪ್ಪನವರು ರೇಷ್ಮೆ ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು ನನ್ನ ಅಂಗಡಿಗೆ ಸೈಕಲ್ ತುಳಿದು ಬಂದರು. ಅತ್ತಿಗೆ ಗೇಟಿನ ಮುಂದೆ ಬಂದು ನಿಂತಿದ್ದಾರೆ, ಬಟನ್ ಒತ್ತುತ್ತಲೇ ಇದ್ದಾರೆ, ಟಕ್ ಅನ್ನುತ್ತಿಲ್ಲ ಅಂದರು.

ನಾನು ಹೋದಾಗ ಬೀದಿಯ ತುಂಬ ಜನ. ಎಲ್ಲರೂ ಶಾಮಿಯಾನವನ್ನೋ ಆಕಾಶವನ್ನೋ ನೋಡುತ್ತಿದ್ದರು, ಕಾರನ್ನು ಮಾತ್ರ ನೋಡುತ್ತಿರಲಿಲ್ಲ. ದಾಕ್ಷಾಯಿಣಮ್ಮ ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಹಚ್ಚಿದ ಕರ್ಪೂರ ಆರಿ ಹೋಗಿ ಮತ್ತೊಂದು ಹಚ್ಚಿದ್ದರು, ಅದೂ ಮುಗಿಯುತ್ತಾ ಬಂದಿತ್ತು. ಕಾರಿನಲ್ಲಿ ಸ್ಟೇರಿಂಗ್ ಹಿಡಿದು ಸರ್ವಮಂಗಳಮ್ಮ ಕೂತಿದ್ದರು. ಮೈಸೂರು ಸಿಲ್ಕ್ ಸೀರೆ, ತುರುಬಿಗೆ ಮಲ್ಲಿಗೆ, ಎದೆಯ ಮೇಲೆ ಅಡ್ಡಕ್ಕೆ ಬೆಲ್ಟು. ಬೆವರಿಗೆ ಕುಂಕುಮ ಮೂಗಿನವರೆಗೆ ಇಳಿದಿತ್ತು.

ದಾಕ್ಷಾಯಿಣಮ್ಮ ನನ್ನನ್ನು ನೋಡಿದರು, ಆದರೆ ಮಾತಾಡಿದ್ದು ಕಾರಿಗೆ ಕೇಳುವ ಹಾಗೆ. "ನೋಡು ಶಾಂತವೀರ. ಹೆಸರಿಡೋ ಹೊತ್ತು ಮೀರೋದ್ರೊಳಗೆ ಅವಳು ಇಳಿಯಲಿಲ್ಲ ಅಂದ್ರೆ ಈ ಗೇಟು ಹಾಕಿಬಿಡ್ತೀನಿ. ನನಗೆ ಅಕ್ಕ ಇರ್ಲಿಲ್ಲ ಅಂತ ತಿಳ್ಕೊಳ್ತೀನಿ."

ನಾನು ಕಾರಿನ ಬಾಗಿಲು ತೆಗೆದು ಮಂಡಿಯೂರಿ ಬಕಲಿಗೆ ಕಿವಿಯಿಟ್ಟೆ. ಒತ್ತಿ ಅಮ್ಮ ಅಂದೆ. ಒತ್ತಿದರು. ಏನೂ ಕೇಳಿಸಲಿಲ್ಲ. ಇನ್ನೊಮ್ಮೆ ಅಂದೆ. ಗುಂಯ್ ಇಲ್ಲ, ಚುಯ್ ಇಲ್ಲ. ಮೀಟರಿನ ಕಡ್ಡಿ ಇಟ್ಟು ನೋಡಿದೆ, ಸೊನ್ನೆ. ಫ್ಯೂಸ್ ತೆಗೆದು ನೋಡಿದೆ, ಸುಟ್ಟು ಕರಕಲಾಗಿತ್ತು. ಹೊಸದು ಹಾಕಿದೆ, ಅದೂ ಚಟ್ ಎಂದು ಹೋಯಿತು. ನನಗೆ ಎಷ್ಟು ಖುಷಿಯಾಯಿತೆಂದರೆ ಎದ್ದು ನಿಂತು ಎರಡೂ ಕೈಯೆತ್ತಿ ಕೂಗಿದೆ, "ವೈರಿಂದು."

ಜನರೆಲ್ಲ ಮೆಲ್ಲಗೆ ತಲೆ ತಗ್ಗಿಸಿದರು. ಯಾರೋ ಅಯ್ಯೋ ಪಾಪ ಅಂದರು. ದಾಕ್ಷಾಯಿಣಮ್ಮನ ಕಣ್ಣು ತುಂಬಿತು, ತಟ್ಟೆಯನ್ನು ಸೆರಗಿನಿಂದ ಮುಚ್ಚಿಕೊಂಡು ಒಳಗೆ ತಿರುಗಿದರು. ಆಗ ನನಗೆ ಹೊಳೆಯಿತು ನೋಡಿ, ನಾನು ಎಂಥ ಎಡವಟ್ಟು ಮಾಡಿದೆನೆಂದು. ಅಲ್ಲ, ನಿಜವಾಗಿಯೂ ವೈರಿಂದೇ ಅಂದೆ. ಪಕ್ಕದ ಮನೆಯ ಯಜಮಾನರು ಹೌದಪ್ಪ ಹೌದು, ವೈರಿಂದೇ ಎಂದು ನನ್ನ ಬೆನ್ನು ಸವರಿದರು. ದೇವರಾಣೆಗೂ ವೈರಿಂದು ಅಂದೆ. ಇಷ್ಟು ಜೋರು ಮಾಡುತ್ತಿದ್ದಾನೆಂದರೆ ಅಕ್ಕನಿಗೆ ತಂಗಿಯ ಮೇಲೆ ಎಷ್ಟು ದ್ವೇಷವಿರಬೇಕು ಎಂದು ಹಿಂದಿನಿಂದ ಒಬ್ಬಾಕೆ ಪಿಸುಗುಟ್ಟಿದಳು. ನನಗೆ ಮೈಯೆಲ್ಲ ಉರಿಯಿತು. ಮರಿಬಸಪ್ಪನವರ ರಟ್ಟೆ ಹಿಡಿದು ಎಳೆತಂದು ಮೀಟರ್ ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ಸೊನ್ನೆಯನ್ನು ಬಹಳ ಹೊತ್ತು ನೋಡಿದರು. ನೀನು ಒಳ್ಳೆಯವನು ಶಾಂತವೀರ, ಊರಿನ ಮರ್ಯಾದೆ ಉಳಿಸೋನು ಅಂದರು.

ಒಳಗಿನಿಂದ ದಾಕ್ಷಾಯಿಣಮ್ಮನ ದನಿ ಬರುತ್ತಲೇ ಇತ್ತು. ಅವಳು ಅವತ್ತೂ ನಡ್ಕೊಂಡೇ ಬಂದಳು, ನನ್ನ ಮನೆ ಅಂದ್ರೆ ಅವಳಿಗೆ ಆಗೋದಿಲ್ಲ, ಕಟ್ಟಿದಾಗಿನಿಂದ ಆಗೋದಿಲ್ಲ, ಇವತ್ತು ಊರಿಗೆ ತೋರಿಸೋಕೆ ಬೆಲ್ಟು ಹಾಕ್ಕೊಂಡು ಬಂದಿದಾಳೆ. ಕಿಟಕಿಯ ಗಾಜು ಇಳಿದಿತ್ತು. ಸರ್ವಮಂಗಳಮ್ಮ ಎಲ್ಲವನ್ನೂ ಕೇಳಿಸಿಕೊಂಡರು. ನಾನು ಟಾರ್ಚು ಬಾಯಲ್ಲಿ ಕಚ್ಚಿಕೊಂಡು ಸೀಟಿನಡಿ ತಲೆ ಹಾಕಿದೆ.

ಮೂಗಿಗೆ ಮೊದಲು ಬಡಿದದ್ದು ಹುಳಿ ವಾಸನೆ, ಹಿಂದೆಯೇ ಇಂಗು. ಸೀಟಿನ ಕೆಳಗೆ ಒಂದು ದೊಡ್ಡ ಭರಣಿ ಓರೆಯಾಗಿ ಬಿದ್ದಿತ್ತು. ಬಾಯಿಗೆ ಕಟ್ಟಿದ ಬಟ್ಟೆ ಸಡಿಲಾಗಿ, ಕೆಂಪು ರಸ ಜಿನುಗಿ, ಕಪ್ಲರ್ ಅದರಲ್ಲಿ ಮುಳುಗಿತ್ತು. ಉಪ್ಪಿನ ನೀರಿಗಿಂತ ದೊಡ್ಡ ಶತ್ರು ವೈರಿಗೆ ಇಲ್ಲ. ಇದೇನಮ್ಮ ಎಂದು ಕೇಳಿದೆ. ಹೇರಳೆಕಾಯಿ ಉಪ್ಪಿನಕಾಯಿ, ದಾಕ್ಷಾಯಿಣಿಗೆ ಅಂದರು. ಅವಳಿಗೆ ಅದೆಂದರೆ ಪ್ರಾಣ, ಅಮ್ಮ ಹೋದ ಮೇಲೆ ಅವಳಿಗೆ ಯಾರೂ ಹಾಕಿಕೊಟ್ಟಿಲ್ಲ ಎಂದರು. ಆಮೇಲೆ ನನಗೆ ಹೇಳುತ್ತಿದ್ದರೋ ಸ್ಟೇರಿಂಗಿಗೆ ಹೇಳುತ್ತಿದ್ದರೋ, ಗೃಹಪ್ರವೇಶದ ದಿನದ ವಿಷಯ ತೆಗೆದರು. ಉಕ್ಕಿಸಲು ಹಾಲು ತವರಿನಿಂದ ಹೋಗಬೇಕಲ್ಲ ಎಂದು ತುಂಬಿದ ಪಾತ್ರೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡಿದ್ದರಂತೆ. ಕಾರಿನಲ್ಲಿ ಇಟ್ಟರೆ ಚೆಲ್ಲುತ್ತದೆ, ಚೆಲ್ಲಿದರೆ ಅಪಶಕುನ, ಅದಕ್ಕೆ ನಡೆದು ಬಂದರಂತೆ. ಇದನ್ನು ತಂಗಿಗೆ ಹೇಳಲಿಲ್ಲವೇ ಎಂದೆ. ಕೇಳಲಿಲ್ಲವಲ್ಲ ಅಂದರು.

ನಾನು ಕಪ್ಲರನ್ನು ಕಿತ್ತು, ರಸ ತೊಟ್ಟಿಕ್ಕುವ ಹಾಗೆಯೇ ಹಿಡಿದುಕೊಂಡು ಚಪ್ಪಲಿ ಬಿಟ್ಟು ನಡುಮನೆಗೆ ನುಗ್ಗಿದೆ. ಶುಭಕಾರ್ಯದ ಮನೆ, ಕೈತುಂಬ ಗ್ರೀಸು, ಯಾರೋ ತಡೆಯಲು ಬಂದರು. ದಾಕ್ಷಾಯಿಣಮ್ಮನ ಮೂಗಿನ ಮುಂದೆ ಹಿಡಿದೆ. ಅವರು ಹಿಂದೆ ಸರಿದರು, ನಿಂತರು, ಮತ್ತೆ ಮುಂದೆ ಬಂದರು. ಬೆರಳ ತುದಿಗೆ ಒಂದು ಹನಿ ಮುಟ್ಟಿಸಿಕೊಂಡು ನಾಲಿಗೆಗೆ ಇಟ್ಟುಕೊಂಡರು. ಅಮ್ಮನ ಕೈರುಚಿ ಅಂದರು. ಅಷ್ಟೇ, ಸೆರಗು ಬಾಯಿಗೆ ಒತ್ತಿಕೊಂಡು ಗಳಗಳ ಅತ್ತರು. ನೆರೆದವರೂ ಒಬ್ಬೊಬ್ಬರಾಗಿ ಬಂದು ಕಪ್ಲರನ್ನು ಮೂಸಿ ನೋಡಿದರು. ಪಕ್ಕದ ಮನೆಯ ಯಜಮಾನರು ಉಪ್ಪು ಹದವಾಗಿದೆ ಎಂದರು. ಐದು ನಿಮಿಷದಲ್ಲಿ ಬೀದಿಯ ಈ ತುದಿಯಿಂದ ಆ ತುದಿಗೆ ನಿಜವಾಗಿಯೂ ವೈರಿಂದಂತೆ ಎಂಬ ಸುದ್ದಿ ಹಬ್ಬಿತು. ಕಾಲಿಗೆ ನೀರು ತುಂಬಿದ ಚೊಂಬು ಬಂತು, ಹೊಸ ಕರ್ಪೂರ ಬಂತು. ದಾಕ್ಷಾಯಿಣಮ್ಮ ಕಣ್ಣೊರೆಸಿಕೊಂಡು ಮತ್ತೆ ತಟ್ಟೆ ಹಿಡಿದು ಬಾಗಿಲಿಗೆ ಬಂದು ನಿಂತರು.

ಕಪ್ಲರನ್ನು ತೊಳೆದೆ, ಊದಿದೆ, ಬಟ್ಟೆಯಲ್ಲಿ ಒರೆಸಿದೆ, ಬಿಸಿಲಿಗೆ ಹಿಡಿದೆ. ಸೀಟಿನಡಿ ಚೊಕ್ಕ ಮಾಡಿ ಜೋಡಿಸಿ ಹೊಸ ಫ್ಯೂಸ್ ಹಾಕಿದೆ. ಮೀಟರ್ ಹನ್ನೆರಡು ವೋಲ್ಟ್ ತೋರಿಸಿತು. ಈಗ ಒತ್ತಿ ಅಮ್ಮ ಅಂದೆ. ಗುಂಯ್ ಅಂದಿತು. ಬೆಲ್ಟು ಬಿಡಲಿಲ್ಲ.

ಇನ್ನೊಮ್ಮೆ ಒತ್ತಿಸಿದೆ. ಗುಂಯ್. ಕಾಯಿಲ್ ಚೆನ್ನಾಗಿತ್ತು, ಕರೆಂಟು ಚೆನ್ನಾಗಿತ್ತು. ನಾನು ತಲೆಯೆತ್ತಿ ಸರ್ವಮಂಗಳಮ್ಮನ ಮುಖ ನೋಡಿದೆ. ಅವರಿಗೂ ಗೊತ್ತಾಗಿತ್ತು.

"ಒಂದು ಗಂಟೆಯಿಂದ ಇಲ್ಲೇ ಕೂತಿದೀನಿ," ಎಂದು ನನಗೆ ಮಾತ್ರ ಕೇಳುವ ಹಾಗೆ ಹೇಳಿದರು. "ಗಾಡಿ ಕೆಟ್ಟಿದೆ ಕಣೆ ಅಂತ ನಾನು ಹೇಳಿದೆ. ನಂಬಲಿಲ್ಲ. ಉಪ್ಪಿನಕಾಯಿ ಹೇಳಿದ್ದನ್ನ ನಂಬಿದ್ಲು."

ಬಂದಾಗ ಇಳಿಯಲು ಇದ್ದ ಮನಸ್ಸು ಕೂತು ಕೂತು ಹೋಗಿತ್ತು. ಯಾರಿಗಾದರೂ ಹೋಗುತ್ತದೆ, ನನಗಾಗಿದ್ದರೆ ಇನ್ನೂ ಬೇಗ ಹೋಗುತ್ತಿತ್ತು. ಹೊರಗಿನಿಂದ ಮರಿಬಸಪ್ಪನವರು ಏನಾಯಿತು ಎಂದು ಕೇಳಿದರು. ವೈರಿಂದು, ಇನ್ನೂ ಸ್ವಲ್ಪ ಒಣಗಬೇಕು ಅಂದೆ. ಈ ಸಲ ಎಲ್ಲರೂ ನಂಬಿದರು. ಹಸಿ ಇರುತ್ತೆ, ಹಸಿ ಇರುತ್ತೆ ಎಂದು ತಲೆಯಾಡಿಸಿದರು. ಒಬ್ಬರು ಬೀಸಣಿಗೆ ತಂದು ಸೀಟಿನಡಿ ಗಾಳಿ ಹಾಕತೊಡಗಿದರು. ಮತ್ತೊಬ್ಬರು ಇಸ್ತ್ರಿಪೆಟ್ಟಿಗೆ ತರಲೇ ಎಂದು ಕೇಳಿದರು. ನಿಜ ಹೇಳಿದಾಗ ನನ್ನ ಬೆನ್ನು ಸವರಿದ ಜನ ಸುಳ್ಳಿಗೆ ಗಾಳಿ ಹಾಕುತ್ತಿದ್ದರು. ಕಾರನ್ನು ಅಂಗಡಿಗೆ ಎಳೆಸಿಕೊಂಡು ಹೋಗಿದ್ದರೆ ಕೆಲಸ ಮುಗಿಯುತ್ತಿತ್ತು. ಎಲ್ಲರ ಮುಖವೂ ಉಳಿಯುತ್ತಿತ್ತು. ಅಕ್ಕ ತಂಗಿ ಮಾತ್ರ ಇನ್ನು ಜನ್ಮದಲ್ಲಿ ಸೇರುತ್ತಿರಲಿಲ್ಲ. ನನಗೆ ಊರಿನ ಮೇಲೆ, ಅವರಿಬ್ಬರ ಮೇಲೆ, ನನಗೆ ಕೆಲಸ ಕಲಿಸಿದವರ ಮೇಲೆ, ಎಲ್ಲರ ಮೇಲೂ ಸಿಟ್ಟು ಬಂತು.

ಮೀಟರನ್ನು ಕಿಸೆಗೆ ಹಾಕಿಕೊಂಡು ಮೆಟ್ಟಿಲು ಹತ್ತಿದೆ. ದಾಕ್ಷಾಯಿಣಮ್ಮ ಒಣಗಿತಾ ಎಂದು ಆಸೆಯಿಂದ ಕೇಳಿದರು. ಬೇರೆ ಯಾರಿಗೂ ಕೇಳದ ಹಾಗೆ ಬಗ್ಗಿ ಹೇಳಿದೆ.

"ಅಮ್ಮ, ವೈರು ಸರಿಯಾಗಿದೆ. ಈಗಿನದು ವೈರಿಂದಲ್ಲ."

ನಮ್ಮೂರಿನ ಯಾವ ಎಲೆಕ್ಟ್ರಿಷಿಯನ್ನೂ ಯಾರ ಬಾಗಿಲಲ್ಲೂ ಆಡಿರದ ಮಾತು ಅದು. ಅವರು ನನ್ನನ್ನು ನೋಡಿದ ರೀತಿಗೆ, ಈಗ ಕಪಾಳಕ್ಕೆ ಬೀಳುತ್ತದೆ ಎಂದುಕೊಂಡೆ. ಬೀಳಲಿಲ್ಲ. ಅವರು ಕಾರನ್ನು ನೋಡಿದರು, ಅಕ್ಕನ ಮುಖ ನೋಡಿದರು. ತಟ್ಟೆಯನ್ನು ಗಂಡನ ಕೈಗೆ ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಸರಸರನೆ ಇಳಿದು ಹೋಗಿ, ಕಾರಿನ ಆ ಬದಿಯ ಬಾಗಿಲು ತೆಗೆದು ಅಕ್ಕನ ಪಕ್ಕದಲ್ಲಿ ಕೂತರು. ಜನ ಬೇಡ ಬೇಡ ಎನ್ನುವಷ್ಟರಲ್ಲಿ ಬೆಲ್ಟನ್ನೂ ಎಳೆದು ಹಾಕಿಕೊಂಡುಬಿಟ್ಟರು.

ನಾನು ಬಿಚ್ಚಿಟ್ಟ ಸಾಮಾನು ಕಾರಿನ ಬಳಿಯೇ ಇತ್ತು, ಹಾಗಾಗಿ ಅಲ್ಲಿಗೆ ಹೋಗಿ ನಿಲ್ಲಲು ನನಗೊಂದು ನೆಪವಿತ್ತು. ಇಬ್ಬರೂ ಮುಂದಿನ ಗಾಜನ್ನೇ ನೋಡುತ್ತಾ ಕೂತಿದ್ದರು. ತಂಗಿಯೇ ಮೊದಲು ಕೇಳಿದರು. "ಅವತ್ತು ಯಾಕೆ ನಡ್ಕೊಂಡು ಬಂದೆ?"

"ಹಾಲು ಚೆಲ್ತಿತ್ತು ಕಣೆ."

"ಅಷ್ಟು ಹೇಳೋಕೆ ನಿನಗೇನಾಗಿತ್ತು?"

"ಕೇಳೋಕೆ ನಿನಗೇನಾಗಿತ್ತು?"

ಆಮೇಲೆ ಆರೇಳು ವರ್ಷದ ಜಗಳವನ್ನೆಲ್ಲ ಒಟ್ಟಿಗೆ ಆಡಿದರು. ಗಾಜು ಏರಿಸಿಕೊಂಡರು, ಹಾಗಾಗಿ ಮಾತು ಕೇಳಲಿಲ್ಲ, ಕೈ ಆಡುವುದು ಮಾತ್ರ ಕಂಡಿತು. ಊರಾಚೆಯ ಗಿರಣಿಯ ವಿಷಯ ಬಂದಿರಬೇಕು, ಸರ್ವಮಂಗಳಮ್ಮ ತಿರುಗಿಸುವ ಹಾಗೆ ಕೈ ಮಾಡಿ ಹಣೆ ಚಚ್ಚಿಕೊಂಡರು. ದಾಕ್ಷಾಯಿಣಮ್ಮ ಬೆರಳು ನೆಕ್ಕಿ ತೋರಿಸಿದರು. ಒಮ್ಮೆ ಇಬ್ಬರೂ ನನ್ನ ಕಡೆ ತಿರುಗಿ ನಕ್ಕರು, ಯಾಕೋ ಗೊತ್ತಿಲ್ಲ. ಕೊನೆಗೆ ಟಕ್ ಎಂದಿತು. ಅಕ್ಕನ ಬೆಲ್ಟು ಬಿಟ್ಟಿತ್ತು. ಬೀದಿಯ ಜನ ಚಪ್ಪಾಳೆ ತಟ್ಟಿದರು.

ಸರ್ವಮಂಗಳಮ್ಮ ಒಂದು ಕಾಲು ಕೆಳಗಿಟ್ಟರು. ತಂಗಿ ತನ್ನ ಬಟನ್ ಒತ್ತಿದರು. ಬಿಡಲಿಲ್ಲ. ಮತ್ತೆ ಒತ್ತಿದರು, ಬಿಡಲಿಲ್ಲ. ನಾನು ಆ ಕಡೆ ಓಡಿ ಹೋಗಿ ಬಾಗಿಲು ತೆಗೆದು ಕಿವಿಯಿಟ್ಟೆ, ಗುಂಯ್ ಎನ್ನುತ್ತಿತ್ತು. ಸ್ವಂತ ಮನೆಯ ಗೇಟಿನ ಮುಂದೆ, ಮೊಮ್ಮಗಳ ನಾಮಕರಣದ ದಿನ, ಮನೆಯೊಡತಿಗೆ ಇಳಿಯಲು ಮನಸ್ಸಿಲ್ಲ. ಅವರು ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡರು. "ಯಾವ ಮುಖ ಇಟ್ಕೊಂಡು ಒಳಗೆ ಹೋಗ್ಲಿ ಅಕ್ಕ. ಇದೇ ಬಾಗಿಲಲ್ಲಿ ನಿಂತು ನನಗೆ ಅಕ್ಕನೇ ಇರ್ಲಿಲ್ಲ ಅಂದ್ಬಿಟ್ಟೆ."

ಸರ್ವಮಂಗಳಮ್ಮ ಕೆಳಗಿಟ್ಟ ಕಾಲನ್ನು ಒಳಗೆ ಎಳೆದುಕೊಂಡರು. ಬಾಗಿಲು ಹಾಕಿದರು, ತಂಗಿಯ ಕಡೆಯದನ್ನೂ ಹಾಕಿಸಿದರು. ಜನ ಹೋ ಎನ್ನುತ್ತಿದ್ದ ಹಾಗೆಯೇ ಬಿಟ್ಟ ಬೆಲ್ಟನ್ನು ಮತ್ತೆ ಹಾಕಿಕೊಂಡು, ಗಾಡಿ ಸ್ಟಾರ್ಟ್ ಮಾಡಿ, ನನ್ನ ಸ್ಕ್ರೂಡ್ರೈವರ್ ಮೇಲೆಯೇ ಚಕ್ರ ಹತ್ತಿಸಿಕೊಂಡು ಹೊರಟುಹೋದರು. ಕಾರು ತಿರುವು ದಾಟಿತು. ಮರಿಬಸಪ್ಪನವರು ಆರತಿ ತಟ್ಟೆ ಹಿಡಿದುಕೊಂಡು ಬೀದಿಯ ನಡುವೆ ನಿಂತರು. ಹೆಸರಿಡುವ ಹೊತ್ತು ಮೀರಿತು. ಪುರೋಹಿತರು ಇನ್ನೊಂದು ಹೊತ್ತು ಹುಡುಕಿದರು, ಅದೂ ಮೀರಿತು, ಆಮೇಲೆ ಎಲ್ಲಾ ಹೊತ್ತೂ ಒಳ್ಳೆಯದೇ ಎಂದು ಹೇಳಿ ಉಪ್ಪಿಟ್ಟು ತಿನ್ನಲು ಹೋದರು. ಅಕ್ಕ ತಂಗಿ ಕೆರೆ ಏರಿಯ ಮೇಲೆ ಕಂಡರೆಂದು ಒಬ್ಬರು, ಗಿರಣಿಯ ಮುಂದೆ ಕಾರು ನಿಂತಿತ್ತೆಂದು ಇನ್ನೊಬ್ಬರು ಸುದ್ದಿ ತಂದರು.

ಕಾರು ಬಂದದ್ದು ಬೀದಿಯ ಇನ್ನೊಂದು ತುದಿಯಿಂದ. ನೆಂಟರ ಹಾಗೆ ನಿಧಾನವಾಗಿ ಬಂದು ಗೇಟಿಗೆ ಸರಿಯಾಗಿ ನಿಂತಿತು. ಟಕ್ ಎಂದಿತು. ಒಂದೇ ಸಲ ಕೇಳಿಸಿತು, ಹಾಗಾಗಿ ಒಬ್ಬರ ಬೆಲ್ಟು ಮಾತ್ರ ಬಿಟ್ಟಿತೆಂದುಕೊಂಡೆ; ಆದರೆ ಎರಡೂ ಒಟ್ಟಿಗೇ ಬಿಟ್ಟಿದ್ದವು. ಆಮೇಲೆ ಎರಡು ಬಾಗಿಲೂ ತೆರೆದವು, ಇಬ್ಬರೂ ಇಳಿದರು. ದಾಕ್ಷಾಯಿಣಮ್ಮ ಸೀರೆಯ ನೆರಿಗೆ ಸರಿಮಾಡಿಕೊಂಡು, ಭರಣಿಯನ್ನು ಕಂಕುಳಲ್ಲಿ ಇರುಕಿಕೊಂಡು, ಅಕ್ಕನ ಪಕ್ಕದಲ್ಲಿ ತಮ್ಮದೇ ಮನೆಯ ಗೇಟಿನ ಮುಂದೆ ಬಂದು ನಿಂತರು. ಬಾಗಿಲಲ್ಲಿ ಬಾಯಿ ಬಿಟ್ಟುಕೊಂಡು ನಿಂತಿದ್ದವರನ್ನು ಒಂದು ಸುತ್ತು ನೋಡಿದರು.

"ಏನ್ ನೋಡ್ತಾ ನಿಂತಿದೀರಿ? ನಾವು ಬಂದಿದೀವಿ, ಕಾಲಿಗೆ ನೀರು ಕೊಡಿ."

ನೀರು ಕೊಡಬೇಕಾದ ಮನೆಯೊಡತಿಯೇ ಹೊರಗೆ ನಿಂತಿದ್ದರಿಂದ ಯಾರು ಕೊಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಹತ್ತಿರವಿದ್ದವನು ನಾನೇ. ಗ್ರೀಸು ಕೈಯಲ್ಲೇ ಚೊಂಬು ಎತ್ತಿಕೊಂಡು ನಾಲ್ಕು ಪಾದಗಳಿಗೂ ನೀರು ಹಾಕಿದೆ.